ಟಿಟ್ವಾಳಾದಿಂದ ವಿಮಾನ ಹತ್ತುವವರಿಗೆ

ಮುಂಬಯಿಗೆ ಈಗ ಎರಡು ವಿಮಾನ ನಿಲ್ದಾಣ, ಮೂರು ಬಾಗಿಲು. ಸಾಂತಾಕ್ರೂಜ್ ಕಡೆಯ ಟರ್ಮಿನಲ್ ಒಂದು, ಸಹಾರ್ ಕಡೆಯ ಟರ್ಮಿನಲ್ ಎರಡು, 2025ರ ಡಿಸೆಂಬರ್ 25ರಿಂದ ಪನ್ವೇಲ್ ಮಗ್ಗುಲಿನ ನವಿಮುಂಬಯಿ. ಊರ ನಡುವೆ ಇರುವವರಿಗೆ ಬಾಗಿಲು ತಪ್ಪಿದರೆ ಒಂದಷ್ಟು ಟ್ಯಾಕ್ಸಿ ದುಡ್ಡು ಹೋದೀತು. ಟಿಟ್ವಾಳಾದಲ್ಲೋ ಆಂಬಿವಲಿಯಲ್ಲೋ ಖಡವಲಿಯಲ್ಲೋ ಮನೆ ಮಾಡಿಕೊಂಡಿರುವ ನಮಗೆ ಬಾಗಿಲು ತಪ್ಪಿದರೆ ವಿಮಾನವೇ ತಪ್ಪುತ್ತದೆ.

ಟಿಟ್ವಾಳಾ ಸಿಎಸ್‌ಎಂಟಿಯಿಂದ 64 ಕಿ.ಮೀ. ದೂರ. ಕಲ್ಯಾಣದಲ್ಲಿ ಹಳಿ ಕವಲೊಡೆದು ಒಂದು ಕರ್ಜತ್‌ಗೆ, ಇನ್ನೊಂದು ಕಸಾರಾಕ್ಕೆ ಹೋಗುತ್ತದಲ್ಲ, ಆ ಕಸಾರಾ ದಾರಿಯ ಮೂರನೇ ನಿಲ್ದಾಣ ನಮ್ಮದು. ಕಣ್ವರ ಆಶ್ರಮ ಇಲ್ಲೇ ಇತ್ತು, ಶಕುಂತಲೆ ಪೂಜಿಸಿದ ಗಣಪತಿ ಇವನೇ ಎಂಬ ಐತಿಹ್ಯದಿಂದಾಗಿ ಮಹಾಗಣಪತಿಯ ಗುಡಿಗೆ ದೂರದೂರದಿಂದ ಜನ ಬರುತ್ತಾರೆ. ಡೊಂಬಿವಲಿಯ, ಥಾಣೆಯ ಮನೆಗಳ ಬೆಲೆ ಕೈಮೀರಿದ ಮೇಲೆ ಕನ್ನಡದ ಕುಟುಂಬಗಳೂ ಇತ್ತ ಸರಿದವು. ಮಕ್ಕಳು ಓದಿ ಬೆಂಗಳೂರಿಗೋ ದುಬೈಗೋ ನ್ಯೂಜೆರ್ಸಿಗೋ ಹೋದರು. ಮೊಮ್ಮಗು ಹುಟ್ಟಿತೆಂದರೆ ಅಜ್ಜಿ ಹೊರಡಬೇಕು, ಬಾಣಂತನ ಮುಗಿಸಿ ವಾಪಸು ಬರಬೇಕು. ಹೀಗೆ ಬದುಕಿನಲ್ಲಿ ಮೊದಲ ಸಲ ವಿಮಾನ ಹತ್ತುವವರು ಈಗ ನಮ್ಮಲ್ಲಿ ಅರವತ್ತು ದಾಟಿದವರು.

ವಿಮಾನ ನಿಲ್ದಾಣದ ಸೌಕರ್ಯಗಳ ಬಗ್ಗೆ ಬರುವ ಕೈಪಿಡಿಗಳೆಲ್ಲ ಗೇಟಿನ ಒಳಗಿನಿಂದ ಶುರುವಾಗುತ್ತವೆ. ಯಾವ ಲಾಂಜಿನಲ್ಲಿ ಊಟ ಚೆನ್ನ, ಡ್ಯೂಟಿ ಫ್ರೀ ಅಂಗಡಿಯಲ್ಲಿ ಏನು ಅಗ್ಗ ಎಂಬುದೇ ಅವುಗಳ ಚಿಂತೆ. ಟಿಟ್ವಾಳಾದವರ ಕೈಪಿಡಿ ಟಿಟ್ವಾಳಾದ ಪ್ಲಾಟ್‌ಫಾರ್ಮಿನಿಂದಲೇ ಶುರುವಾಗಬೇಕು. ನನ್ನ ಮಾತು ಎರಡೇ. ವಿಮಾನದ ಟಿಕೆಟ್ ತೆಗೆಯುವಾಗ ಲೋಕಲ್ ಗಾಡಿಯ ವೇಳಾಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಒಳಗೆ ಹೋದ ಮೇಲೆ, ದುಡ್ಡು ಕೊಡದೆ ಸಿಗುವುದನ್ನೆಲ್ಲ ಸಂಕೋಚವಿಲ್ಲದೆ ಕೇಳಿ ಪಡೆಯಿರಿ.

ಮೊದಲು ಮೂರು ಅಕ್ಷರ

ಟಿಕೆಟ್ಟಿನ ಮೇಲೆ ಬಿಓಎಂ ಎಂದಿದ್ದರೆ ಅದು ಹಳೆಯ ಛತ್ರಪತಿ ಶಿವಾಜಿ ಮಹಾರಾಜ್ ವಿಮಾನ ನಿಲ್ದಾಣ. ಎನ್‌ಎಂಐ ಎಂದಿದ್ದರೆ ನವಿಮುಂಬಯಿ. ಮಗ ಅಮೆರಿಕದಲ್ಲಿ ಕೂತು ಬುಕ್ ಮಾಡುವಾಗ ಎರಡನ್ನೂ ‘ಮುಂಬಯಿ’ ಎಂದೇ ತೋರಿಸುವ ಆಪ್‌ಗಳಿವೆ, ಆದ್ದರಿಂದ ಈ ಮೂರು ಅಕ್ಷರ ಓದಿ ಹೇಳು ಎಂದು ಫೋನಿನಲ್ಲೇ ಕೇಳಿಬಿಡಿ. ಬಿಓಎಂ ಆಗಿದ್ದರೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಟರ್ಮಿನಲ್ ಒಂದೋ ಎರಡೋ? ಪರದೇಶದ ವಿಮಾನಗಳೆಲ್ಲ ಎರಡರಿಂದ. ದೇಶದೊಳಗಿನವು ಎರಡು ಕಡೆಯಿಂದಲೂ ಹೊರಡುತ್ತವೆ. ಒಂದೇ ಸಂಸ್ಥೆಯ ಬೆಂಗಳೂರು ವಿಮಾನ ಬೆಳಿಗ್ಗೆ ಒಂದರಿಂದ, ಸಂಜೆ ಎರಡರಿಂದ ಇರುವುದುಂಟು. ಟರ್ಮಿನಲ್ ಒಂದನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆಯೂ ಇರುವುದರಿಂದ ಕಳೆದ ಸಲ ಹೋದ ಬಾಗಿಲೇ ಈ ಸಲವೂ ಎಂದು ನೆಚ್ಚಿಕೊಳ್ಳುವ ಹಾಗಿಲ್ಲ. ಹೊರಡುವ ಹಿಂದಿನ ದಿನ ಸಂಸ್ಥೆ ಕಳಿಸುವ ಸಂದೇಶದಲ್ಲಿ ಟರ್ಮಿನಲ್ ಯಾವುದೆಂದು ಮತ್ತೊಮ್ಮೆ ನೋಡಿ.

ಗಾಡಿ, ಮೆಟ್ರೋ, ಬ್ಲಾಕ್

ಎರಡು ಮೆಟ್ರೋ ಮಾರ್ಗಗಳು ಬಂದದ್ದು ನಮಗೆ ದೊಡ್ಡ ಉಪಕಾರ. ಘಾಟ್‌ಕೋಪರ್‌ನಿಂದ ಅಂಧೇರಿಯ ಮೇಲೆ ವರ್ಸೋವಾಕ್ಕೆ ಹೋಗುವ ಮೊದಲನೇ ಮಾರ್ಗ 2014ರ ಜೂನ್‌ನಲ್ಲಿ ಶುರುವಾಯಿತು. ಆರೆಯಿಂದ ನೆಲದಡಿಯಲ್ಲಿ ಸಾಗುವ ಮೂರನೇ ಮಾರ್ಗದ ಮೊದಲ ಭಾಗ 2024ರ ಅಕ್ಟೋಬರ್‌ನಲ್ಲಿ, ಕಫ್ ಪರೇಡ್‌ವರೆಗಿನ ಪೂರ್ತಿ ದಾರಿ 2025ರ ಅಕ್ಟೋಬರ್‌ನಲ್ಲಿ ತೆರೆಯಿತು. ಎರಡೂ ಸೇರುವುದು ಮರೋಳ್ ನಾಕಾದಲ್ಲಿ.

ದಾರಿ ಹೀಗೆ. ಟಿಟ್ವಾಳಾದಿಂದ ಫಾಸ್ಟ್ ಲೋಕಲ್ ಹಿಡಿದು ಘಾಟ್‌ಕೋಪರ್‌ನಲ್ಲಿ ಇಳಿಯಿರಿ. ಪಶ್ಚಿಮದ ಕಡೆ ಸೇತುವೆ ಹತ್ತಿದರೆ ಮೆಟ್ರೋ ನಿಲ್ದಾಣ. ಜಾಗೃತಿ ನಗರ, ಅಸಲ್ಫಾ, ಸಾಕಿ ನಾಕಾ ದಾಟಿ ನಾಲ್ಕನೆಯದು ಮರೋಳ್ ನಾಕಾ. ಇಲ್ಲಿ ಅವಸರ ಬೇಡ. ನೀವು ಬಂದಿಳಿಯುವುದು ರಸ್ತೆಯ ಮೇಲೆ ಎತ್ತರದಲ್ಲಿ, ಮುಂದಿನ ಗಾಡಿ ಇರುವುದು ನೆಲದ ಆಳದಲ್ಲಿ. ನಡುವೆ ಎಸ್ಕಲೇಟರುಗಳ ಸಾಲೇ ಇದೆ. ಚಲಿಸುವ ಮೆಟ್ಟಿಲಿನ ಮೇಲೆ ಮೊದಲು ಕಾಲಿಡಬೇಕೋ ಪೆಟ್ಟಿಗೆ ಇಡಬೇಕೋ ಎಂದು ಹಿರಿಯರು ತಡವರಿಸುವ ಜಾಗ ಇದು. ಹಿಂದಿನವರು ನೂಕುತ್ತಿದ್ದರೂ ಪಕ್ಕಕ್ಕೆ ಸರಿದು ಲಿಫ್ಟ್ ಎಲ್ಲಿದೆಯೆಂದು ಕೇಳಿ. ಎರಡೂ ಮಾರ್ಗಗಳಲ್ಲಿ ಲಿಫ್ಟ್ ಇದೆ, ಸಿಬ್ಬಂದಿ ದಾರಿ ತೋರಿಸುತ್ತಾರೆ. ಕೆಳಗಿಳಿದು ಕಫ್ ಪರೇಡ್ ಕಡೆಯ ಗಾಡಿ ಹತ್ತಿದರೆ ಮರುನಿಲ್ದಾಣವೇ ಟರ್ಮಿನಲ್ ಎರಡು. ಅದರ ನಂತರ ಸಹಾರ್ ರೋಡ್, ಆಮೇಲೆ ಟರ್ಮಿನಲ್ ಒಂದು. ಮೆಟ್ರೋ ನಿಲ್ದಾಣದಿಂದ ಟರ್ಮಿನಲ್ಲಿನ ಬಾಗಿಲಿಗೆ ಇನ್ನೊಂದಷ್ಟು ದಾರಿ ಇದೆ, ಅದಕ್ಕೂ ಹೊತ್ತು ಇಟ್ಟುಕೊಳ್ಳಿ. ಮನೆಯ ಬಾಗಿಲಿನಿಂದ ಎಲ್ಲ ಸೇರಿ ಎರಡೂವರೆ ಗಂಟೆ ಹಿಡಿದರೆ ನೆಮ್ಮದಿ.

ಆದರೆ ಇದು ಯಾವ ಹೊತ್ತಿಗೂ ಒದಗುವ ದಾರಿಯಲ್ಲ. ಬೆಳಿಗ್ಗೆ ಆರರಿಂದ ಹತ್ತರವರೆಗೆ ಟಿಟ್ವಾಳಾದಿಂದ ಹೊರಡುವ ಗಾಡಿಗಳಲ್ಲಿ ಕಾಲಿಡಲು ಜಾಗ ಸಿಕ್ಕರೆ ಪುಣ್ಯ. ಅದರಲ್ಲಿ ದೊಡ್ಡ ಪೆಟ್ಟಿಗೆ ಹೊತ್ತು ಘಾಟ್‌ಕೋಪರ್‌ನಲ್ಲಿ ಇಳಿಯುತ್ತೇನೆಂಬುದು ಆಗದ ಮಾತು. ಸಂಜೆ ಎಲ್ಲವೂ ತಿರುಗುಮುರುಗು. ಜನವೆಲ್ಲ ಮುಂಬಯಿಯಿಂದ ಮನೆಗೆ ಬರುತ್ತಿರುತ್ತಾರೆ, ನೀವು ಅವರಿಗೆ ಎದುರಾಗಿ ಹೋಗುತ್ತೀರಿ. ಸಂಜೆ ಏಳರ ಮೇಲೆ ಮುಂಬಯಿ ಕಡೆಗೆ ಹೋಗುವ ಲೋಕಲ್‌ನಲ್ಲಿ ಕೂರಲು ಸೀಟು, ಪೆಟ್ಟಿಗೆ ಇಡಲು ಜಾಗ ಎರಡೂ ಸಿಗುತ್ತವೆ. ಯುರೋಪಿಗೆ, ಅಮೆರಿಕಕ್ಕೆ, ಕೊಲ್ಲಿ ದೇಶಗಳಿಗೆ ಮುಂಬಯಿಯಿಂದ ಹೋಗುವ ಬಹಳಷ್ಟು ವಿಮಾನಗಳು ನಡುರಾತ್ರಿಯ ನಂತರ ಹೊರಡುವಂಥವು. ಎರಡು ಗಂಟೆಯ ವಿಮಾನಕ್ಕೆ ಸಂಜೆ ಏಳಕ್ಕೆ ಮನೆ ಬಿಟ್ಟರೆ ಗಾಡಿ, ಮೆಟ್ರೋ ಎರಡೂ ಒದಗುತ್ತವೆ. ಮೂರನೇ ಮಾರ್ಗದ ಮೆಟ್ರೋ ರಾತ್ರಿ ಹತ್ತೂವರೆ ಹೊತ್ತಿಗೆ ನಿಲ್ಲುತ್ತದೆ ಎಂಬುದು ಮಾತ್ರ ನೆನಪಿರಲಿ. ಇನ್ನು ಬೆಳಿಗ್ಗೆ ಆರು, ಏಳರ ಅಗ್ಗದ ಬೆಂಗಳೂರು ವಿಮಾನ ಟಿಟ್ವಾಳಾದವರಿಗೆ ಅಗ್ಗವೇ ಅಲ್ಲ. ನಸುಕಿನ ಮೊದಲ ಲೋಕಲ್ ಹಿಡಿದರೂ ಅದು ಸಿಗುವುದಿಲ್ಲ, ಕಾರು ಮಾಡಲೇಬೇಕು. ವಿಮಾನದಲ್ಲಿ ಉಳಿಸಿದ ಸಾವಿರ ರೂಪಾಯಿ ಕಾರಿಗೆ ಹೋಗುತ್ತದೆ, ರಾತ್ರಿಯ ನಿದ್ದೆಯೂ ಹೋಗುತ್ತದೆ. ಮಧ್ಯಾಹ್ನ ಎರಡರ ಮೇಲಿನ ವಿಮಾನ ನೋಡಿ ಎಂದು ಮಕ್ಕಳಿಗೆ ಖಡಾಖಂಡಿತ ಹೇಳಿ.

ಭಾನುವಾರದ ಪ್ರಯಾಣವಾದರೆ ಮೆಗಾ ಬ್ಲಾಕ್ ಇದೆಯೇ ನೋಡಿ. ಮಧ್ಯ ರೈಲ್ವೆ ಹಳಿ ದುರಸ್ತಿಗೆಂದು ಸಾಮಾನ್ಯವಾಗಿ ಬೆಳಿಗ್ಗೆ ಹನ್ನೊಂದರ ಆಸುಪಾಸಿನಿಂದ ಮಧ್ಯಾಹ್ನ ನಾಲ್ಕರವರೆಗೆ ಬ್ಲಾಕ್ ತೆಗೆದುಕೊಳ್ಳುತ್ತದೆ. ಶನಿವಾರದ ಪತ್ರಿಕೆಯಲ್ಲಿ ಯಾವ ನಿಲ್ದಾಣದಿಂದ ಯಾವ ನಿಲ್ದಾಣದವರೆಗೆ ಎಂದು ಅಚ್ಚಾಗಿರುತ್ತದೆ. ಅಂಗಾರಕಿ ಸಂಕಷ್ಟಿಯ ಮಂಗಳವಾರ ನಮ್ಮ ನಿಲ್ದಾಣವೇ ಜಾತ್ರೆ. ಗುಡಿಯಿಂದ ನಿಲ್ದಾಣದವರೆಗೆ ರಿಕ್ಷಾ ಸಿಗುವುದಿಲ್ಲ, ಸೇತುವೆಯ ಮೇಲೆ ಹೆಜ್ಜೆ ಕಿತ್ತಿಡಲಾಗುವುದಿಲ್ಲ. ಅಂದು ಆಂಬಿವಲಿಗೋ ಕಲ್ಯಾಣಕ್ಕೋ ರಸ್ತೆಯಲ್ಲಿ ಹೋಗಿ ಗಾಡಿ ಹತ್ತುವುದು ಮೇಲು. ಮಳೆಗಾಲದ ಮಾತೇ ಬೇರೆ. 2019ರ ಜುಲೈನಲ್ಲಿ ಉಲ್ಹಾಸ್ ನದಿ ಉಕ್ಕಿ ವಾಂಗಣಿಯ ಬಳಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನ ನಡುವೆ ನಿಂತು, ಸಾವಿರಕ್ಕೂ ಹೆಚ್ಚು ಜನರನ್ನು ದೋಣಿಗಳಲ್ಲಿ ಇಳಿಸಬೇಕಾಯಿತು. ಅದು ಕರ್ಜತ್ ದಾರಿ, ನಿಜ. ನಮ್ಮ ಕಾಳೂ ನದಿಯೂ ಆ ದಿನಗಳಲ್ಲಿ ಸುಮ್ಮನಿರುವುದಿಲ್ಲ. ಜುಲೈ, ಆಗಸ್ಟಿನಲ್ಲಿ ಪರದೇಶದ ವಿಮಾನವಿದ್ದರೆ ಒಂದು ದಿನ ಮೊದಲೇ ಥಾಣೆಯಲ್ಲೋ ಮುಲುಂಡಿನಲ್ಲೋ ಬಂಧುಗಳ ಮನೆ ಸೇರಿಕೊಳ್ಳಿ.

ಕಾರಿನಲ್ಲಿ ಹೋಗುವವರಿಗೆ ಸುಮಾರು 50 ಕಿ.ಮೀ. ಭಿವಂಡಿ ಬೈಪಾಸ್, ಮಾಜಿವಾಡಾ, ಮುಲುಂಡ್, ಅಲ್ಲಿಂದ ಪವೈ ದಾರಿ. 2024ರ ಅಕ್ಟೋಬರ್‌ನಿಂದ ಮುಂಬಯಿಯ ಐದು ಪ್ರವೇಶದ್ವಾರಗಳಲ್ಲಿ ಕಾರುಗಳಿಗೆ ಟೋಲ್ ಇಲ್ಲ. ನಾಗಪುರದ ಸಮೃದ್ಧಿ ಹೆದ್ದಾರಿ 2025ರ ಜೂನ್‌ನಿಂದ ಭಿವಂಡಿಯ ಬಳಿಯ ಆಮಣೆಗೆ ಬಂದು ಮುಗಿಯುತ್ತದೆ, ಹಾಗಾಗಿ ಆ ದಟ್ಟಣೆಯೂ ಇದೇ ದಾರಿಗೆ ಬಂದು ಬೀಳುತ್ತದೆ. ಹಗಲಲ್ಲಿ ಮೂರು ಗಂಟೆಗಿಂತ ಕಡಿಮೆ ಲೆಕ್ಕ ಹಾಕಬೇಡಿ.

ಇಲ್ಲಿ ಒಂದು ಬೇಡಿಕೆಯನ್ನು ಹೇಳದೆ ಮುಂದೆ ಹೋಗಲಾರೆ. ಬೆಂಗಳೂರಿನ ವಿಮಾನ ನಿಲ್ದಾಣದಿಂದ ಬಿಎಂಟಿಸಿಯ ವಾಯು ವಜ್ರ ಬಸ್ಸುಗಳು ಹಗಲೂ ರಾತ್ರಿ ಊರಿನ ಮೂಲೆಮೂಲೆಗೆ ಓಡುತ್ತವೆ. ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನೇರ ಮೈಸೂರಿಗೆ ಹೋಗುತ್ತದೆ. ಕಲ್ಯಾಣ, ಡೊಂಬಿವಲಿ, ಉಲ್ಹಾಸನಗರ, ಟಿಟ್ವಾಳಾ ಸೇರಿದರೆ ಲಕ್ಷಾಂತರ ಜನ. ಲೋಕಲ್ ಮಲಗಿರುವ ಆ ಮೂರು ನಾಲ್ಕು ಗಂಟೆಗಳಲ್ಲಿ ಕಲ್ಯಾಣಕ್ಕೂ ವಿಮಾನ ನಿಲ್ದಾಣಕ್ಕೂ ನಡುವೆ ಒಂದು ನಂಬಿಕೆಯ ಬಸ್ಸು ಓಡಬೇಕು. ನಡುರಾತ್ರಿಯಲ್ಲಿ ಮಗಳನ್ನು ಕರೆತರಲು ಅಪ್ಪ ಬಾಡಿಗೆ ಕಾರು ಮಾಡಿಕೊಂಡು ಹೋಗುವುದು ತಪ್ಪಬೇಕು. ನಮ್ಮ ಕನ್ನಡ ಸಂಘಗಳು ನಾಡಹಬ್ಬದ ಜೊತೆಗೆ ಇಂಥದ್ದಕ್ಕೂ ಒಂದು ಮನವಿ ಬರೆದರೆ ಮರಾಠಿ ನೆರೆಹೊರೆಯವರೂ ಸಹಿ ಹಾಕುತ್ತಾರೆ.

ಸಹಾರಿಗೆ ಹೋದವರ ದಾರಿ

ಮುಂಬಯಿಯ ವಿಮಾನಕ್ಕೂ ಕನ್ನಡದ ನೆಲಕ್ಕೂ ನಂಟು ಮೊದಲಿನಿಂದಲೇ ಇದೆ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಕರಾಚಿಯಿಂದ ಟಪಾಲು ಹೊತ್ತ ಪುಟ್ಟ ವಿಮಾನವನ್ನು ತಾವೇ ನಡೆಸಿಕೊಂಡು ಜುಹೂ ಮೈದಾನದಲ್ಲಿ ಇಳಿದರು. ಅಲ್ಲಿಂದ ಟಪಾಲನ್ನು ಮದರಾಸಿಗೆ ಒಯ್ದವರು ಅವರ ಜೊತೆಗಾರ ನೆವಿಲ್ ವಿನ್‌ಸೆಂಟ್. ಆ ವಿಮಾನ ದಾರಿಯಲ್ಲಿ ಇಳಿದದ್ದು ಬಳ್ಳಾರಿಯಲ್ಲಿ. 1951ರ ಡಿಸೆಂಬರ್ 25ರಂದು ಮಂಗಳೂರಿನ ಬಜ್ಪೆ ನಿಲ್ದಾಣ ತೆರೆದಾಗ ಪ್ರಧಾನಿ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದಿದ್ದರು.

ಮಂಗಳೂರಿನಿಂದ ದುಬೈಗೆ ನೇರ ವಿಮಾನ ಬಂದದ್ದು 2006ರ ಅಕ್ಟೋಬರ್‌ನಲ್ಲಿ. ಅದಕ್ಕೆ ಮುಂಚೆ ಕೊಲ್ಲಿಗೆ ಹೋಗುವ ಕರಾವಳಿಯ ಹುಡುಗರು ಹೆಚ್ಚಾಗಿ ಸಹಾರನ್ನೇ ಹಾಯಬೇಕಿತ್ತು. ಉಡುಪಿಯಿಂದ, ಕುಂದಾಪುರದಿಂದ, ಕಾಸರಗೋಡಿನಿಂದ ರಾತ್ರಿ ಬಸ್ಸಿನಲ್ಲಿ ಹೊರಟು ಮುಂಬಯಿಗೆ ಬಂದು, ಡೊಂಬಿವಲಿಯ ಮಾವನ ಮನೆಯಲ್ಲೋ ಮುಲುಂಡಿನ ಹೋಟೆಲಿನ ಅಟ್ಟದಲ್ಲೋ ವೀಸಾದ ಕಾಗದಕ್ಕೆ ಕಾಯುತ್ತಿದ್ದರು. ಒಂದೂವರೆ ಕೋಣೆಯ ಚಾಳಿನ ಮನೆಗಳು ಎಷ್ಟೋ ಜನರ ಲಾಂಜಾಗಿದ್ದವು. ಬೆಳಗಿನ ಜಾವ ಯಾರನ್ನೋ ಬಿಡಲು ಹೋದವರು ಗಾಜಿನ ಆಚೆ ಅವರ ಬೆನ್ನು ಕಾಣುವವರೆಗೂ ನಿಂತು ಬರುತ್ತಿದ್ದರು. ಈ ಊರುಗಳಲ್ಲಿ ಹಿಂದಿನ ತಲೆಮಾರಿನ ಕನ್ನಡದ ಹೆಂಗಸರಿಗೆ ಸಹಾರ್ ಎಂದರೆ ಇಂದಿಗೂ ಮೊದಲು ನೆನಪಾಗುವುದು ಬುತ್ತಿ ಕಟ್ಟಿಕೊಟ್ಟದ್ದು.

ಬುತ್ತಿಯ ಲೆಕ್ಕ

ಬುತ್ತಿಯ ಮಾತು ಬಂತಲ್ಲ, ಅದನ್ನೂ ಸರಿಯಾಗಿ ತಿಳಿದುಕೊಳ್ಳಿ. ಚಪಾತಿ, ಇಡ್ಲಿ, ಚಿತ್ರಾನ್ನ, ಅವಲಕ್ಕಿ, ಚಕ್ಕುಲಿ ಕೈಚೀಲದಲ್ಲಿ ಧಾರಾಳವಾಗಿ ಹೋಗುತ್ತವೆ. ಮೊಸರು, ಸಾಂಬಾರು, ಎಣ್ಣೆ ತೇಲುವ ಉಪ್ಪಿನಕಾಯಿ, ತುಪ್ಪ ಇವೆಲ್ಲ ದ್ರವದ ಲೆಕ್ಕಕ್ಕೆ ಬರುತ್ತವೆ. ಪರದೇಶದ ವಿಮಾನದಲ್ಲಿ ನೂರು ಮಿಲಿಲೀಟರ್ ಮೀರಿದ ಡಬ್ಬಿ ತಪಾಸಣೆಯ ಮೇಜಿನ ಮೇಲೆಯೇ ಉಳಿಯುತ್ತದೆ. ಅವನ್ನು ಗಟ್ಟಿಯಾಗಿ ಮುಚ್ಚಿ, ಪ್ಲಾಸ್ಟಿಕ್ ಸುತ್ತಿ ದೊಡ್ಡ ಪೆಟ್ಟಿಗೆಗೆ ಹಾಕಿ. ಒಣ ಕೊಬ್ಬರಿ ಬಟ್ಟಲು ಆ ಪೆಟ್ಟಿಗೆಗೂ ಸಲ್ಲದು. ಅದರಲ್ಲಿ ಎಣ್ಣೆ ಹೆಚ್ಚು, ಕಾವು ಕೂಡಿಕೊಂಡರೆ ತಾನಾಗಿ ಹೊತ್ತಿಕೊಳ್ಳಬಹುದೆಂಬ ಕಾರಣಕ್ಕೆ ಅಪಾಯದ ವಸ್ತುಗಳ ಪಟ್ಟಿಯಲ್ಲಿದೆ. ಕರ್ಪೂರ, ಬೆಂಕಿಪೊಟ್ಟಣ ಕೂಡ ಬೇಡ. ಇಡೀ ತೆಂಗಿನಕಾಯಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಶಬರಿಮಲೆಗೆ ಹೋಗುವವರ ಇರುಮುಡಿಯ ಕಾಯಿಗೆ 2024ರ ಅಕ್ಟೋಬರ್‌ನಲ್ಲಿ ಯಾತ್ರೆಯ ಅವಧಿಗೆಂದು ವಿಶೇಷ ವಿನಾಯಿತಿ ಕೊಡಬೇಕಾಯಿತು. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು, ದೊಡ್ಡ ಪೆಟ್ಟಿಗೆಯಲ್ಲಿ ಕೂಡದು.

ಹೋಗುವ ದೇಶದ ಕಾನೂನು ಇನ್ನೊಂದು. ಮಗಳ ಮನೆಯಲ್ಲಿ ಹಬ್ಬಕ್ಕೆ ಪಾಯಸ ಮಾಡೋಣವೆಂದು ಗಸಗಸೆ ಕಟ್ಟಿಕೊಂಡು ದುಬೈಗೆ ಹೋಗಬೇಡಿ. ಅಫೀಮು ಗಿಡದ ಬೀಜವೆಂದು ಅಲ್ಲಿ ಅದಕ್ಕೆ ನಿಷೇಧವಿದೆ, ಜೈಲಿನವರೆಗೂ ಹೋಗುವ ಸಂಗತಿ ಅದು. ಹಸಿ ಕರಿಬೇವನ್ನು ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಒಳಗೆ ಬಿಡುವುದಿಲ್ಲ. ತಿನ್ನುವ ಪದಾರ್ಥ ಏನಿದ್ದರೂ ಅಲ್ಲಿಯ ಕಾಗದದಲ್ಲಿ ಇದೆ ಎಂದು ಬರೆಯಿರಿ. ಬರೆದು ತೋರಿಸಿದ್ದನ್ನು ಬೇಡವಾದರೆ ಎತ್ತಿಟ್ಟು ಕಳಿಸುತ್ತಾರೆ, ಬರೆಯದೆ ಸಿಕ್ಕಿಬಿದ್ದರೆ ದಂಡ ಹಾಕುತ್ತಾರೆ.

ಮದುವೆಗೋ ಬಾಣಂತನಕ್ಕೋ ಚಿನ್ನ ತೊಟ್ಟು ಹೋಗುವ ಹೆಂಗಸರಿಗೆ ಒಂದು ಮುಖ್ಯ ಮಾತು. ಹೊರಡುವಾಗಲೇ ಕಸ್ಟಮ್ಸ್ ಕೌಂಟರಿಗೆ ಹೋಗಿ ಒಡವೆ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಬರೆಸಿಕೊಳ್ಳಿ. ಆರು ತಿಂಗಳ ಮೇಲೆ ಅದೇ ಬಳೆ, ಅದೇ ಸರ ತೊಟ್ಟು ವಾಪಸಾದಾಗ ಇದು ಅಲ್ಲಿ ಕೊಂಡದ್ದಲ್ಲ, ನನ್ನದೇ ಎಂದು ತೋರಿಸಲು ಆ ಕಾಗದ ಸಾಕು. ಪೆಟ್ಟಿಗೆ ಚೆಕ್-ಇನ್‌ಗೆ ಕೊಡುವ ಮುಂಚೆ ಈ ಕೆಲಸ ಮುಗಿಯಬೇಕು, ಅದಕ್ಕೆ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಒಳಗೆ

ಟರ್ಮಿನಲ್ ಎರಡು 2014ರ ಫೆಬ್ರುವರಿಯಲ್ಲಿ ಪ್ರಯಾಣಿಕರಿಗೆ ತೆರೆಯಿತು. ಹೊರಡುವವರು ನಾಲ್ಕನೇ ಅಂತಸ್ತಿಗೆ ಹೋಗಬೇಕು, ಬಂದಿಳಿಯುವವರು ಹೊರಬೀಳುವುದು ಎರಡನೇ ಅಂತಸ್ತಿನಿಂದ. ಟಿಕೆಟ್ಟಿನ ಪ್ರತಿ, ಗುರುತಿನ ಚೀಟಿ ತೋರಿಸಿದರೆ ಸಿಐಎಸ್‌ಎಫ್ ಸಿಬ್ಬಂದಿ ಒಳಗೆ ಬಿಡುತ್ತಾರೆ, ಬಿಡಲು ಬಂದವರು ಅಲ್ಲೇ ನಿಲ್ಲಬೇಕು. ಆದ್ದರಿಂದ ಮೊದಲ ಸಲ ಹೋಗುವ ಅಜ್ಜಿಗೆ ಹೇಳಬೇಕಾದದ್ದನ್ನೆಲ್ಲ ಗೇಟಿನ ಹೊರಗೇ ಹೇಳಿ ಮುಗಿಸಿ. ದೇಶದೊಳಗಿನ ವಿಮಾನಕ್ಕೆ ಎರಡು ಗಂಟೆ, ಪರದೇಶಕ್ಕೆ ಮೂರು ಗಂಟೆ ಮುಂಚೆ ಗೇಟಿನಲ್ಲಿರಬೇಕು. ಪೆಟ್ಟಿಗೆ ತೆಗೆದುಕೊಳ್ಳುವ ಕೌಂಟರನ್ನು ಸಾಮಾನ್ಯವಾಗಿ ಹೊರಡುವ ಒಂದು ಗಂಟೆ ಮುಂಚೆ ಮುಚ್ಚಿಬಿಡುತ್ತಾರೆ. ಗಾಡಿ ತಡವಾಯಿತು ಎಂಬುದು ಅಲ್ಲಿ ನಡೆಯುವುದಿಲ್ಲ.

ಗಾಲಿಕುರ್ಚಿಯ ವಿಷಯದಲ್ಲಿ ನಮ್ಮ ಹಿರಿಯರಿಗೆ ಬಹಳ ಸಂಕೋಚ. ನಾನೇನು ರೋಗಿಯೇ ಎನ್ನುತ್ತಾರೆ. ಗೇಟಿನಿಂದ ವಿಮಾನದವರೆಗೆ ಈ ಟರ್ಮಿನಲ್ಲಿನಲ್ಲಿ ನಡೆಯಬೇಕಾದ ದೂರ ಕಡಿಮೆಯಲ್ಲ. ನಡುವೆ ಚೆಕ್-ಇನ್, ಇಮಿಗ್ರೇಶನ್, ತಪಾಸಣೆ ಎಂದು ಮೂರು ಸಾಲುಗಳಲ್ಲಿ ನಿಲ್ಲಬೇಕು. ಮೊಣಕಾಲು ನೋವಿರುವವರು ಟಿಕೆಟ್ ಮಾಡುವಾಗಲೇ, ಕನಿಷ್ಠ 48 ಗಂಟೆ ಮುಂಚೆ, ಗಾಲಿಕುರ್ಚಿ ಬೇಕೆಂದು ವಿಮಾನ ಸಂಸ್ಥೆಗೆ ತಿಳಿಸಬೇಕು. ನಡೆಯಲಾಗದವರಿಗೆ ಅದು ಹಕ್ಕು, ಅದಕ್ಕೆ ಶುಲ್ಕವಿಲ್ಲ. ಕುರ್ಚಿ ತಳ್ಳುವ ಹುಡುಗ ಇಮಿಗ್ರೇಶನ್ ಮೇಜಿನ ಮುಂದೆ ಪಾಸ್‌ಪೋರ್ಟಿನ ಯಾವ ಪುಟ ತೆರೆಯಬೇಕು, ತಪಾಸಣೆಯಲ್ಲಿ ಬಳೆಯ ಕೈಯನ್ನು ಹೇಗೆ ಚಾಚಬೇಕು ಎಂಬಷ್ಟರ ಮಟ್ಟಿಗೆ ಜೊತೆಗಿದ್ದು, ವಿಮಾನದ ಬಾಗಿಲಿಗೆ ಮುಟ್ಟಿಸಿಯೇ ಹೋಗುತ್ತಾನೆ. ಇಂಗ್ಲಿಷ್ ಬಾರದ, ಹಿಂದಿಯೂ ಅರೆಬರೆ ಬರುವ ಅಮ್ಮನನ್ನು ಒಬ್ಬಳೇ ಕಳಿಸುವಾಗ ಇದಕ್ಕಿಂತ ದೊಡ್ಡ ಧೈರ್ಯವಿಲ್ಲ. ಗಟ್ಟಿಮುಟ್ಟಾಗಿರುವವರು ಸಾಲು ತಪ್ಪಿಸಲು ಕುರ್ಚಿ ಹಿಡಿಯುವುದು ಮಾತ್ರ ಅನ್ಯಾಯ. ಕುರ್ಚಿಗಳು ಎಣಿಕೆಯವು, ನಿಜವಾಗಿ ಬೇಕಾದವರು ಕಾಯುತ್ತಾ ಕೂರುತ್ತಾರೆ.

ಹಣ ಕೊಡದೆ ಸಿಗುವ ಇನ್ನೆರಡು ಅನುಕೂಲಗಳು ಕಾಗದಪತ್ರಕ್ಕೆ ಸೇರಿದವು. ದೇಶದೊಳಗೆ ಆಗಾಗ ಓಡಾಡುವವರು ಫೋನಿನಲ್ಲಿ ಡಿಜಿಯಾತ್ರಾ ಹಾಕಿಕೊಂಡರೆ ಮುಖ ತೋರಿಸಿ ಬಾಗಿಲು ದಾಟಬಹುದು. ಮುಖದ ಗುರುತು ಕೊಡಲು ಇಷ್ಟವಿಲ್ಲದವರಿಗೆ ಒತ್ತಾಯವಿಲ್ಲ, ಹಳೆಯ ಸಾಲು ಇದ್ದೇ ಇದೆ. ಪರದೇಶಕ್ಕೆ ಹೋಗಿಬರುವ ಭಾರತದ ಪಾಸ್‌ಪೋರ್ಟಿನವರಿಗೆ, ಓಸಿಐ ಕಾರ್ಡಿನವರಿಗೆ ಫಾಸ್ಟ್ ಟ್ರ್ಯಾಕ್ ಇಮಿಗ್ರೇಶನ್ ಎಂಬ ವ್ಯವಸ್ಥೆ 2025ರ ಜನವರಿಯಿಂದ ಮುಂಬಯಿಯಲ್ಲೂ ಇದೆ. ಮೊದಲೇ ಅರ್ಜಿ ಹಾಕಿ ಬೆರಳಚ್ಚು ಕೊಟ್ಟಿದ್ದರೆ ಯಂತ್ರದ ಬಾಗಿಲಿನಿಂದ ದಾಟಿಬಿಡಬಹುದು. ವರ್ಷಕ್ಕೊಮ್ಮೆ ಬರುವ ಮಕ್ಕಳು ಇದನ್ನು ಮಾಡಿಸಿಕೊಂಡರೆ ರಾತ್ರಿ ಮೂರು ಗಂಟೆಯ ಆ ಉದ್ದನೆಯ ಸಾಲು ತಪ್ಪುತ್ತದೆ. ಕೊಲ್ಲಿಗೆ ಕೆಲಸಕ್ಕೆ ಹೋಗುವ, ಹತ್ತನೇ ತರಗತಿ ಮುಗಿಸದ ಹುಡುಗರ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂದಿರುತ್ತದೆ. ಅವರು ವಲಸೆ ರಕ್ಷಣಾಧಿಕಾರಿಯ ಅನುಮತಿ ಇಲ್ಲದೆ ಬಂದರೆ ಟಿಕೆಟ್, ವೀಸಾ ಎಲ್ಲವೂ ಇದ್ದರೂ ಇಮಿಗ್ರೇಶನ್‌ನಲ್ಲಿ ಹಿಂದೆ ಕಳಿಸುತ್ತಾರೆ. ಏಜೆಂಟನ ಬಾಯಿಮಾತು ನಂಬಿ ಹೊರಡಬೇಡಿ.

ತಪಾಸಣೆ ಮುಗಿದ ಮೇಲೆ ಖಾಲಿ ಸ್ಟೀಲ್ ಬಾಟಲಿ ತೆಗೆದು ನೀರು ತುಂಬಿಸಿಕೊಳ್ಳಿ, ಕುಡಿಯುವ ನೀರು ಅಲ್ಲಲ್ಲಿ ಇದೆ. ಊಟದ ಬೆಲೆ ನಮ್ಮ ಕೈಗೆ ಮೀರಿದ್ದು. ಕೋಲ್ಕತ್ತಾದಲ್ಲಿ 2024ರ ಡಿಸೆಂಬರ್‌ನಲ್ಲಿ ಸರ್ಕಾರವೇ ಹತ್ತು ರೂಪಾಯಿಗೆ ಚಹಾ ಕೊಡುವ ಉಡಾನ್ ಯಾತ್ರಿ ಕೆಫೆ ತೆರೆಯಿತು. ಪ್ರತಿ ಟರ್ಮಿನಲ್ಲಿನ ಪ್ರತಿ ಮಹಡಿಯಲ್ಲೂ ಅಂಥದ್ದೊಂದು ಇರಬೇಕು. ಅಲ್ಲಿಯವರೆಗೆ ಮನೆಯ ಚಪಾತಿಯೇ ಗತಿ, ಅದನ್ನು ಬಿಚ್ಚಿ ತಿನ್ನಲು ಯಾರಿಗೂ ನಾಚಬೇಕಿಲ್ಲ. ಹೊತ್ತು ಬಹಳ ಇದ್ದು ಮಲಗಲೇಬೇಕಾದವರಿಗೆ ಟರ್ಮಿನಲ್ಲಿನೊಳಗೇ ನಿರಂತ ಎಂಬ ಹೋಟೆಲ್ ಇದೆ. ವೈಫೈಗೆ ಫೋನಿಗೆ ಬರುವ ಓಟಿಪಿ ಬೇಕು. ಎಲ್ಲ ವಿಮಾನಗಳನ್ನೂ ಧ್ವನಿವರ್ಧಕದಲ್ಲಿ ಕೂಗುತ್ತಾರೆಂದು ಕಾಯಬೇಡಿ, ಗೇಟಿನ ಸಂಖ್ಯೆಯನ್ನು ಪರದೆಯಲ್ಲಿ ಮತ್ತೆ ಮತ್ತೆ ನೋಡುತ್ತಿರಿ.

ಹೊತ್ತು ಉಳಿದರೆ ಗೋಡೆ ನೋಡಿ. ರಾಜೀವ್ ಸೇಠಿ ಅವರ ನೇತೃತ್ವದಲ್ಲಿ ರೂಪುಗೊಂಡ ‘ಜಯ ಹೇ’ ಎಂಬ ಕಲಾಗೋಡೆ ಮೂರು ಕಿ.ಮೀ.ನಷ್ಟು ಹಬ್ಬಿದೆ. ದೇಶದ ನಾನಾ ಕಡೆಯ ಹಳೆಯ ಮನೆಗಳ ಬಾಗಿಲು, ಕಿಟಕಿ, ಕೆತ್ತಿದ ಕಂಬ, ಮುಖವಾಡ, ಮರದ ವಿಗ್ರಹಗಳು ಅದರಲ್ಲಿವೆ. ಮ್ಯೂಸಿಯಮ್ಮಿಗೆ ಎಂದೂ ಕಾಲಿಡದ ಜನರ ಕಣ್ಣಿಗೆ ಇದು ದಾರಿಯಲ್ಲೇ ಬೀಳುತ್ತದೆ. ತಲೆಯ ಮೇಲೆ ನವಿಲುಗರಿಯಂತೆ ಬಿಚ್ಚಿಕೊಳ್ಳುವ ಬಿಳಿಯ ಕಂಬಗಳಿಗಿಂತ ನನಗೆ ಹೆಚ್ಚು ಇಷ್ಟವಾದದ್ದು, ಎಣ್ಣೆ, ಅರಿಶಿನ, ಕೈಗಳ ಜಿಡ್ಡು ಕೂತು ಕಪ್ಪಾದ ಈ ಬಾಗಿಲುಗಳು.

ವಿಮಾನ ತಡವಾದರೆ ಸುಮ್ಮನೆ ಕೂರಬೇಡಿ. ಮುಂಬಯಿ–ಬೆಂಗಳೂರಿನಂಥ ಎರಡೂವರೆ ಗಂಟೆಯೊಳಗಿನ ಪ್ರಯಾಣದಲ್ಲಿ ಎರಡು ಗಂಟೆ ತಡವಾದರೆ ತಿಂಡಿ, ಚಹಾ ಕೊಡಬೇಕೆಂದು ಡಿಜಿಸಿಎ ನಿಯಮವಿದೆ. ಆರು ಗಂಟೆ ಮೀರಿದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ಕೇಳಬಹುದು. ಕೌಂಟರಿನಲ್ಲಿ ನಿಯಮದ ಹೆಸರು ಹೇಳಿ ಕೇಳಿ. ಕಿವಿಗೊಡದಿದ್ದರೆ ಸರ್ಕಾರದ ಏರ್‌ಸೇವಾ ಆಪ್‌ನಲ್ಲಿ ದೂರು ಬರೆಯಿರಿ.

ಹೊಸ ಬಾಗಿಲು

ನವಿಮುಂಬಯಿ ನಿಲ್ದಾಣಕ್ಕೆ ಪ್ರಯಾಣಿಕರನ್ನು ಹೊತ್ತು ಮೊದಲು ಬಂದಿಳಿದದ್ದು ಬೆಂಗಳೂರಿನ ವಿಮಾನ. 2025ರ ಡಿಸೆಂಬರ್ 25ರ ಬೆಳಿಗ್ಗೆ ಎಂಟಕ್ಕೆ ಅದು ಇಳಿದಾಗ ನೀರಿನ ಕಮಾನು ಚಿಮ್ಮಿಸಿ ಸ್ವಾಗತಿಸಿದರು. ಝಹಾ ಹದೀದ್ ಅವರ ಸಂಸ್ಥೆ ತಾವರೆಯ ಆಕಾರದಲ್ಲಿ ವಿನ್ಯಾಸ ಮಾಡಿದ ಟರ್ಮಿನಲ್, 3,700 ಮೀಟರಿನ ಒಂದು ರನ್‌ವೇ, ವರ್ಷಕ್ಕೆ ಎರಡು ಕೋಟಿ ಜನರಿಗೆ ಸಾಲುವಷ್ಟು ಜಾಗ, ಇದು ಮೊದಲ ಹಂತ. ಎಲ್ಲ ಹಂತ ಮುಗಿದಾಗ ನಾಲ್ಕು ಟರ್ಮಿನಲ್, ಎರಡು ರನ್‌ವೇ.

ಈ ನೆಲದ ಕತೆಯೂ ಪ್ರಯಾಣಿಕನಿಗೆ ತಿಳಿದಿರಬೇಕು. ಇಲ್ಲಿ ಉಲ್ವೆ ಗುಡ್ಡವಿತ್ತು, ಅದನ್ನು ಸಿಡಿಸಿ ಸಮ ಮಾಡಿದರು. ಉಲ್ವೆ ನದಿಯ ಹರಿವನ್ನು ತಿರುಗಿಸಿದರು. ಹತ್ತು ಹಳ್ಳಿಗಳ ಜನ ಮನೆ, ಗದ್ದೆ ಬಿಟ್ಟು ಎದ್ದರು. ನಿಲ್ದಾಣಕ್ಕೆ ಡಿ. ಬಿ. ಪಾಟೀಲರ ಹೆಸರಿಡಬೇಕೆಂದು ಆಗ್ರಿ, ಕೋಳಿ ಸಮುದಾಯಗಳು ಬೀದಿಗಿಳಿದು ಕೇಳಿದ್ದು ಇದಕ್ಕೇ. 1984ರಲ್ಲಿ ಈ ಭಾಗದ ರೈತರ ಭೂಮಿ ಹೋರಾಟವನ್ನು ನಡೆಸಿದವರು ಅವರು. ಭೂಮಿ ಕಳೆದುಕೊಂಡವರಿಗೆ ಅಭಿವೃದ್ಧಿಯಾದ ಜಾಗದಲ್ಲಿ ಪಾಲು ಸಿಗಬೇಕೆಂಬ ನಿಯಮ ಬಂದದ್ದು ಆ ಹೋರಾಟದ ಫಲ.

ಟಿಟ್ವಾಳಾದಿಂದ ಹೋಗುವುದಾದರೆ ಥಾಣೆಯಲ್ಲಿ ಇಳಿದು ಟ್ರಾನ್ಸ್‌ಹಾರ್ಬರ್ ಗಾಡಿಯಲ್ಲಿ ನೆರೂಳ್, ಅಲ್ಲಿ ಉರಣ್ ಗಾಡಿ ಹಿಡಿದರೆ ಸೀವುಡ್ಸ್ ದಾಟಿ ತರ್‌ಘರ್. ನಿಲ್ದಾಣಕ್ಕೆ ಅದೇ ಹತ್ತಿರ, ಮುಂದೆ ಬಸ್ಸು ಅಥವಾ ರಿಕ್ಷಾ. ಉರಣ್ ಗಾಡಿಗಳು ನಮ್ಮ ಲೋಕಲ್‌ನಂತೆ ಒಂದರ ಹಿಂದೊಂದು ಬರುವುದಿಲ್ಲ, ಒಂದು ತಪ್ಪಿದರೆ ಬಹಳ ಕಾಯಬೇಕು. ಸಾಮಾನು ಹೆಚ್ಚಿದ್ದರೆ ಬೇಲಾಪುರದಲ್ಲೋ ಪನ್ವೇಲ್‌ನಲ್ಲೋ ಇಳಿದು ರಿಕ್ಷಾ ಮಾಡುವುದು ಲೇಸು. ರಸ್ತೆಯಲ್ಲಿ ಕಲ್ಯಾಣ–ಶಿಳ್ ಫಾಟಾ ದಾರಿ ಹತ್ತಿರವೇ, ಆದರೆ ಆ ದಾರಿಯ ಜಾಮ್ ಏನೆಂದು ಡೊಂಬಿವಲಿಯವರನ್ನು ಕೇಳಿ. ಒಟ್ಟಿನಲ್ಲಿ ಟಿಟ್ವಾಳಾದವರಿಗೆ ಇಂದಿಗೂ ಸಹಾರೇ ಸಲೀಸು. ಕಲ್ಯಾಣದಿಂದ ತಳೋಜಾಕ್ಕೆ ಕಟ್ಟುತ್ತಿರುವ ಮೆಟ್ರೋ ಮುಗಿದ ಮೇಲೆ ಈ ಮಾತನ್ನು ತಿದ್ದಿ ಬರೆಯಬೇಕಾದೀತು.

ಹೊಸ ನಿಲ್ದಾಣ ನಿಜವಾಗಿ ಒದಗುವುದು ಊರಿನವರಿಗೆ. ಉಡುಪಿ, ಕಾರವಾರದಿಂದ ಮತ್ಸ್ಯಗಂಧ ರೈಲಿನಲ್ಲಿ ಬರುವವರು ಪನ್ವೇಲ್‌ನಲ್ಲೇ ಇಳಿದುಬಿಡಬಹುದು. ಮುಂಚಿನಂತೆ ಥಾಣೆಯವರೆಗೆ ಬಂದು ನಗರವನ್ನು ಅಡ್ಡ ಹಾಯಬೇಕಿಲ್ಲ.

ವಾಪಸು ಬರುವಾಗ

ಟರ್ಮಿನಲ್ ಎರಡರಲ್ಲಿ ರಾತ್ರಿ ಇಳಿದವರು ಮೊದಲು ಗಡಿಯಾರ ನೋಡಬೇಕು. ರಾತ್ರಿ ಒಂಬತ್ತಕ್ಕೆ ಹೊರಬಿದ್ದರೆ ಬಂದ ದಾರಿಯಲ್ಲೇ ಮೆಟ್ರೋ, ಘಾಟ್‌ಕೋಪರ್, ಕಸಾರಾ ಲೋಕಲ್ ಸಿಗುತ್ತವೆ. ಆ ಹೊತ್ತಿಗೂ ಗಾಡಿ ತುಂಬಿರುತ್ತದೆ, ಪೆಟ್ಟಿಗೆ ಎರಡಿದ್ದರೆ ಕೈಹಾಕಬೇಡಿ. ಹತ್ತೂವರೆ ದಾಟಿದ್ದರೆ ಒಳಗಿನ ಪ್ರಿಪೇಡ್ ಟ್ಯಾಕ್ಸಿ ಕೌಂಟರಿನಲ್ಲಿ ಕಲ್ಯಾಣ ಎನ್ನದೆ ಟಿಟ್ವಾಳಾ ಎಂದೇ ಹೇಳಿ ರಸೀದಿ ಪಡೆಯಿರಿ. ಕಲ್ಯಾಣಕ್ಕೆಂದು ಹತ್ತಿ, ಮುಂದಿನ ಹತ್ತು ಕಿ.ಮೀ.ಗೆ ನಡುರಾತ್ರಿ ದುರ್ಗಾಡಿ ಸೇತುವೆಯ ಬಳಿ ಚೌಕಾಸಿ ಮಾಡುವ ಪಾಡು ಬೇಡ. ಹೊರಗೆ ಬಂದು ತೋಳು ಹಿಡಿದೆಳೆಯುವವರ ಹಿಂದೆ ಹೋಗಬೇಡಿ. ಟ್ಯಾಕ್ಸಿ ಹತ್ತಿದ ಮೇಲೆ ಗಾಡಿಯ ನಂಬರನ್ನು ಮನೆಯವರಿಗೆ ಕಳಿಸಿ. ಮೂರರ ಮೇಲೆ ಇಳಿದವರು ಕೈಕಾಲು ಮುಖ ತೊಳೆದು ಒಂದಷ್ಟು ಹೊತ್ತು ಒಳಗೇ ಕೂತಿರಿ. ಆರರ ಹೊತ್ತಿಗೆ ಮೆಟ್ರೋ ಶುರುವಾಗುತ್ತದೆ. ಬೆಳಿಗ್ಗೆ ಕಸಾರಾ ಕಡೆಗೆ ಹೋಗುವ ಲೋಕಲ್ ಖಾಲಿ ಇರುತ್ತದೆ, ಕಿಟಕಿಯ ಪಕ್ಕದ ಸೀಟೇ ಸಿಗುತ್ತದೆ.